ಸೆಟಲ್‌ಮೆಂಟ್ ಆಯ್ತು, ಇನ್ನು ಮಾತ್ರೆಗೆ ದುಡ್ಡು ಎಲ್ಲಿಂದ? ಅಮೆರಿಕದಲ್ಲಿ ವರ್ಕರ್ಸ್ ಕಾಂಪ್ ಮುಗಿದ ಮೇಲಿನ ಔಷಧಿ ಲೆಕ್ಕ

ಸೆಟಲ್‌ಮೆಂಟಿನ ಚೆಕ್ ಬಂದ ದಿನ ಅಕ್ಕ ಶಾವಿಗೆ ಪಾಯಸ ಮಾಡಿದ್ದಳು. ಕ್ಯಾಲಿಫೋರ್ನಿಯಾದ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದವಳು, ಹಾಸಿಗೆ ಹಿಡಿದ ರೋಗಿಯನ್ನು ಎತ್ತಲು ಹೋಗಿ ಸೊಂಟದ ಡಿಸ್ಕ್ ಜಾರಿಸಿಕೊಂಡಳು. ಆಪರೇಷನ್ ಆಯಿತು, ಕೆಲಸ ಹೋಯಿತು. ವರ್ಕರ್ಸ್ ಕಾಂಪ್, ಅಂದರೆ ಕೆಲಸದಲ್ಲಿ ಗಾಯವಾದವರಿಗೆ ಮಾಲೀಕರ ವಿಮೆ ಕೊಡುವ ಪರಿಹಾರ, ಅದರ ಕೇಸ್ ನಾಲ್ಕು ವರ್ಷ ನಡೆಯಿತು. ಕೊನೆಗೂ ಮುಗಿಯಿತಲ್ಲ ಅಂತ ಪಾಯಸ.

ಹದಿನೈದು ದಿನ ಬಿಟ್ಟು ಮಾತ್ರೆ ತರಲು ಹೋದೆವು. ಕೌಂಟರಿನ ಹುಡುಗ ಕಾರ್ಡ್ ಹಾಕಿ ನೋಡಿ, "ಇದು ನಡೀತಾ ಇಲ್ಲ ಮೇಡಂ" ಅಂದ. ನಾಲ್ಕು ವರ್ಷ ಒಂದು ಸೆಂಟೂ ಕೇಳದೆ ಮಾತ್ರೆ ಕೊಡಿಸಿದ್ದ ಕಾರ್ಡ್ ಅದು. ಕಾಂಪ್ ಇನ್ಶೂರೆನ್ಸಿನವರು ಕೊಟ್ಟದ್ದು. ಸಹಿ ಬಿದ್ದು ಕೇಸ್ ಮುಚ್ಚಿದ ಮೇಲೆ ಅದರ ಆಯುಸ್ಸೂ ಮುಗಿದಿತ್ತು. ಹುಡುಗ ಒಳ್ಳೆಯವನು, ಕಂಪ್ಯೂಟರಿನಲ್ಲಿ ಅಕ್ಕನ ಮೆಡಿಕೇರ್ ಪ್ಲಾನ್ (ವಯಸ್ಸಾದವರಿಗೆ, ಅಂಗವೈಕಲ್ಯ ಇರುವವರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಇರುವುದು ನೋಡಿ ಅದಕ್ಕೇ ಬಿಲ್ ಹಾಕಿಬಿಟ್ಟ. ನಡೆಯಿತು! ಕಾಪೇ, ಅಂದರೆ ನಮ್ಮ ಪಾಲಿಗೆ ಬರುವ ದುಡ್ಡು, ಬರೀ ಕೆಲವು ಡಾಲರ್. ಖುಷಿಯಾಗಿ ಮನೆಗೆ ಬಂದೆವು. ನಾವು ಮಾಡಿದ ತಪ್ಪು ಅದೇ. ಕೆಲವು ತಿಂಗಳು ಬಿಟ್ಟು ಪ್ಲಾನಿನವರಿಂದ ಕಾಗದ ಬಂತು: ಇದು ಕೆಲಸದ ಗಾಯದ ಔಷಧಿ, ಇದಕ್ಕೆ ನಿಮ್ಮ ಸೆಟಲ್‌ಮೆಂಟಿನಲ್ಲಿ ಬೇರೆ ದುಡ್ಡು ಇಟ್ಟಿದೆ, ನಾವು ಕೊಟ್ಟದ್ದು ವಾಪಸ್ ಬೇಕು.

ಅವತ್ತಿನಿಂದ ಅಕ್ಕನ ಲೆಕ್ಕ ಬರೆಯುವ ಕೆಲಸ ನನ್ನದು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ. ಸಹಿ ಹಾಕುವ ಮೊದಲು ನಿಮ್ಮ ವಕೀಲರ ಹತ್ತಿರ ಕೂತು ಮಾತಾಡಿ. ಆದರೆ ಏನು ಕೇಳಬೇಕು ಅಂತ ಗೊತ್ತಿದ್ದರೆ ತಾನೆ ಕೇಳುವುದು?

ಮೊದಲು ನೋಡಿ: ಮುಚ್ಚಿದ್ದು ಏನನ್ನು?

ಎಲ್ಲ ಸೆಟಲ್‌ಮೆಂಟೂ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮುಖ್ಯವಾಗಿ ಎರಡು ಬಗೆ. 'ಸ್ಟಿಪ್ಯುಲೇಷನ್' ಆದರೆ ಅಂಗವೈಕಲ್ಯದ ದುಡ್ಡು ಮಾತ್ರ ತೀರ್ಮಾನವಾಗುತ್ತದೆ. ಮುಂದಿನ ಚಿಕಿತ್ಸೆಯ ಬಾಗಿಲು ತೆರೆದೇ ಇರುತ್ತದೆ, ಆ ಗಾಯದ ಮಾತ್ರೆಗೆ ಇನ್ಶೂರೆನ್ಸ್ ಕಂಪನಿಯೇ ಕೊಡಬೇಕು. 'ಕಾಂಪ್ರಮೈಸ್ ಅಂಡ್ ರಿಲೀಸ್' ಆದರೆ ಇಡೀ ಗಂಟು ಒಮ್ಮೆಲೇ ಕೈಗೆ ಬರುತ್ತದೆ, ಮುಂದಿನ ಔಷಧಿ ಖರ್ಚು ನಿಮ್ಮ ತಲೆಗೆ. ಜನ ಇದನ್ನು 'ಸಿ ಅಂಡ್ ಆರ್' ಅಂತಾರೆ. ನ್ಯೂಯಾರ್ಕ್‌ನಲ್ಲಿ ಇಂಥ ಒಪ್ಪಂದಕ್ಕೆ 'ಸೆಕ್ಷನ್ 32' ಅಂತ ಹೆಸರು. ಅಲ್ಲಿ ಚಿಕಿತ್ಸೆಯನ್ನು ಮುಚ್ಚಿದ್ದಾರೋ ತೆರೆದಿಟ್ಟಿದ್ದಾರೋ ಅಂತ ಕಾಗದದಲ್ಲೇ ಓದಿ ನೋಡಬೇಕು. ಟೆಕ್ಸಾಸಿನ ಕಾನೂನು ಮಾತ್ರ ಬೇರೆ: ಅಲ್ಲಿ ಸೆಟಲ್‌ಮೆಂಟ್ ಮಾಡಿಕೊಂಡರೂ ಚಿಕಿತ್ಸೆಯ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ.

ನಿಮ್ಮದು ತೆರೆದಿದ್ದರೆ ಈ ಲೇಖನ ಇಲ್ಲಿಗೇ ಬಿಡಬಹುದು. ಮುಚ್ಚಿದ್ದರೆ ಅಥವಾ ಮುಚ್ಚಲು ಹೊರಟಿದ್ದರೆ ಮುಂದೆ ಓದಿ.

ಸಹಿಗೆ ಮೊದಲು: ಮಾತ್ರೆಗಳ ಪಟ್ಟಿ

ಇದೊಂದು ಹಂತವನ್ನು ಅವಸರದಲ್ಲಿ ದಾಟಬೇಡಿ. ನಾವು ದಾಟಿದೆವು.

ನಿಮಗೆ ಈಗಾಗಲೇ ಮೆಡಿಕೇರ್ ಇದ್ದರೆ, ಅಥವಾ ಬೇಗ ಬರುವಂತಿದ್ದರೆ, ಸೆಟಲ್‌ಮೆಂಟಿನ ಒಂದು ಭಾಗವನ್ನು ಮುಂದಿನ ಚಿಕಿತ್ಸೆಗೆ ಅಂತ ಎತ್ತಿಡುತ್ತಾರೆ. ಅದೇ 'ಮೆಡಿಕೇರ್ ಸೆಟ್ ಅಸೈಡ್', ಚಿಕ್ಕದಾಗಿ ಎಂಎಸ್‌ಎ. ಕಾರಣ ಸರಳ. ಕೆಲಸದ ಗಾಯಕ್ಕೆ ಮೊದಲು ಕೊಡಬೇಕಾದವರು ಕಾಂಪ್‌ನವರು, ಮೆಡಿಕೇರ್ ಸರದಿ ಆಮೇಲೆ. ಈ ನಿಯಮದ ಹಿಂದಿರುವ ಕಾಯ್ದೆಗೆ 1980ರ 'ಮೆಡಿಕೇರ್ ಸೆಕೆಂಡರಿ ಪೇಯರ್' ಅಂತಲೇ ಹೆಸರು. ನೀವು ಗಂಟು ತೆಗೆದುಕೊಂಡು, ಮಾತ್ರೆ ಬಿಲ್ಲನ್ನು ಮರುದಿನದಿಂದಲೇ ಸರ್ಕಾರದ ಮೇಲೆ ಹಾಕಬಾರದು ಅನ್ನುವುದು ಅವರ ವಾದ.

ಮೆಡಿಕೇರ್ ನಡೆಸುವ ಸಿಎಂಎಸ್ ಸಂಸ್ಥೆ ಎಲ್ಲ ಎಂಎಸ್‌ಎಗಳನ್ನೂ ನೋಡುವುದಿಲ್ಲ. ನಿಮಗೆ ಮೆಡಿಕೇರ್ ಇದ್ದು ಒಟ್ಟು ಸೆಟಲ್‌ಮೆಂಟ್ 25,000 ಡಾಲರ್ ಮೀರಿದ್ದರೆ ನೋಡುತ್ತದೆ. ಇನ್ನೂ ಇಲ್ಲ, ಆದರೆ 30 ತಿಂಗಳೊಳಗೆ ಬರುವ ಸಂಭವ ಇದೆ ಅನ್ನುವವರದು 2,50,000 ಡಾಲರ್ ಮೀರಿದ್ದರೆ ನೋಡುತ್ತದೆ. ಸೋಷಿಯಲ್ ಸೆಕ್ಯೂರಿಟಿಯ ಅಂಗವೈಕಲ್ಯ ಭತ್ಯೆಗೆ ಅರ್ಜಿ ಹಾಕಿದವರು, ತಿರಸ್ಕಾರವಾಗಿ ಮೇಲ್ಮನವಿಯಲ್ಲಿರುವವರು, 62 ವರ್ಷ 6 ತಿಂಗಳು ದಾಟಿದವರು ಈ 'ಸಂಭವ'ದ ಲೆಕ್ಕಕ್ಕೆ ಬರುತ್ತಾರೆ. ಮೊತ್ತ ಕಡಿಮೆ ಇದ್ದರೆ ನಿಯಮವೇ ಅನ್ವಯಿಸುವುದಿಲ್ಲ ಅಂದುಕೊಳ್ಳಬೇಡಿ. ಅವರು ಪರಿಶೀಲಿಸುವುದಿಲ್ಲ ಅಷ್ಟೆ, ಜವಾಬ್ದಾರಿ ಇದ್ದೇ ಇರುತ್ತದೆ.

ಈಗ ಪಟ್ಟಿಯ ವಿಷಯ. ಎಂಎಸ್‌ಎ ಮೊತ್ತ ಕಟ್ಟುವಾಗ ಹಿಂದಿನ ಎರಡು ವರ್ಷದ ಡಾಕ್ಟರ್ ದಾಖಲೆ ಮತ್ತು ಫಾರ್ಮಸಿ ಪಾವತಿಯ ಪಟ್ಟಿಯನ್ನು ನೋಡುತ್ತಾರೆ. ಅದರಲ್ಲಿರುವ ಮಾತ್ರೆಯನ್ನು ನೀವು ಬದುಕಿರುವವರೆಗೂ ನುಂಗುತ್ತೀರಿ ಅಂತಲೇ ಲೆಕ್ಕ. ತಿಂಗಳಿಗೆ 40 ಡಾಲರಿನ ಒಂದು ಮಾತ್ರೆ ಅಂತ ಇಟ್ಟುಕೊಳ್ಳಿ, ಇನ್ನು 22 ವರ್ಷ ಆಯುಸ್ಸು ಅಂತ ಹಾಕಿದರೆ 10,560 ಡಾಲರ್. ಅದೇ ಕಾಯಿಲೆಗೆ ತಿಂಗಳಿಗೆ 400 ಡಾಲರಿನ ಬ್ರ್ಯಾಂಡ್ ಮಾತ್ರೆ ಬರೆದಿದ್ದರೆ? 1,05,600. ಒಂದು ಸಾಲಿನ ಬರಹ, ಹತ್ತು ಪಟ್ಟು ವ್ಯತ್ಯಾಸ.

ಮೊತ್ತ ದೊಡ್ಡದಾದಷ್ಟೂ ಒಳ್ಳೆಯದಲ್ವಾ ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಇನ್ಶೂರೆನ್ಸ್ ಕಂಪನಿ ಒಟ್ಟು ಇಷ್ಟೇ ಕೊಡುತ್ತೇನೆ ಅಂತ ಕೂತಿದ್ದರೆ, ಎಂಎಸ್‌ಎಗೆ ಜಾಸ್ತಿ ಹೋದಷ್ಟೂ ನಿಮ್ಮ ಸ್ವಂತ ಕೈಗೆ ಬರುವುದು ಕಡಿಮೆ. ಹಾಗಂತ ಪಟ್ಟಿಯನ್ನು ಸುಮ್ನೆ ಕತ್ತರಿಸಿದರೆ ನಾಳೆ ಮಾತ್ರೆಗೆ ದುಡ್ಡೇ ಇರುವುದಿಲ್ಲ. ಬೇಕಾದದ್ದು ನಿಜವಾದ ಪಟ್ಟಿ.

ಅದಕ್ಕೆ ಡಾಕ್ಟರ್ ಹತ್ತಿರ ಹೋಗಿ ಒಂದೊಂದೇ ಮಾತ್ರೆ ಕೈಗೆತ್ತಿಕೊಂಡು ಕೇಳಿ. ಇದನ್ನು ನಾನು ಈಗಲೂ ತೆಗೆದುಕೊಳ್ಳುತ್ತಿದ್ದೇನಾ? ಬಿಟ್ಟು ಆರು ತಿಂಗಳಾಗಿದ್ದರೂ ದಾಖಲೆಯಲ್ಲಿ ಹಾಗೇ ಕೂತಿದೆಯಾ? ಜೆನೆರಿಕ್ ಇದ್ದೂ ಬ್ರ್ಯಾಂಡ್ ಹೆಸರೇ ಬರೆದಿದೆಯಾ? ಅಕ್ಕನಿಗೆ ಬೆನ್ನು ನೋವಿಗೆ ಡುಲೋಕ್ಸೆಟಿನ್ ಕೊಡುತ್ತಿದ್ದರು. ಸಿಂಬಾಲ್ಟಾ ಅನ್ನುವ ಬ್ರ್ಯಾಂಡಿನ ಜೆನೆರಿಕ್ ಅದು, 2013ರ ಕೊನೆಯಿಂದಲೇ ಸಿಗುತ್ತಿದೆ. ಆದರೂ ಹಳೆಯ ಟಿಪ್ಪಣಿಯಲ್ಲಿ ಸಿಂಬಾಲ್ಟಾ ಅಂತಲೇ ಇತ್ತು. ಜೊತೆಗೆ ಟ್ರಾಮಡಾಲ್ ಅನ್ನುವ ನೋವಿನ ಮಾತ್ರೆಯನ್ನು ಕಡಿಮೆ ಮಾಡುತ್ತಾ ಬಂದಿದ್ದಳು. 'ಮುಂದೆ ನಿಲ್ಲಿಸುತ್ತೇವೆ' ಅಂತ ಡಾಕ್ಟರ್ ಬರೆದರೆ ಸಿಎಂಎಸ್ ಸಾಮಾನ್ಯವಾಗಿ ನಂಬುವುದಿಲ್ಲ. ನಿಜವಾಗಿ ನಿಂತಿದೆ, ಇಷ್ಟು ತಿಂಗಳಿಂದ ಬರೆದುಕೊಟ್ಟಿಲ್ಲ ಅಂತ ದಾಖಲೆ ತೋರಿಸಬೇಕು. ಹಾಗಾಗಿ ಈ ಕೆಲಸವನ್ನು ಸಹಿಗೆ ಒಂದು ವಾರ ಮೊದಲು ಶುರು ಮಾಡಿದರೆ ಪ್ರಯೋಜನವಿಲ್ಲ.

ದುಡ್ಡಿಗೆ ಬೇರೆ ಮನೆ

ಎಂಎಸ್‌ಎ ದುಡ್ಡನ್ನು ಮನೆಖರ್ಚಿನ ಖಾತೆಗೆ ಹಾಕಬೇಡಿ. ಬಡ್ಡಿ ಬರುವ, ಎಫ್‌ಡಿಐಸಿ ವಿಮೆ (ಬ್ಯಾಂಕ್ ಮುಳುಗಿದರೂ ಠೇವಣಿ ಕಾಯುವ ಸರ್ಕಾರಿ ವಿಮೆ) ಇರುವ ಬೇರೆಯದೇ ಖಾತೆ ತೆರೆಯಬೇಕು. ಬಡ್ಡಿಯೂ ಅದೇ ಖಾತೆಯಲ್ಲಿ ಇರಬೇಕು. ಸೆಟಲ್‌ಮೆಂಟ್ ದುಡ್ಡಿಗೆ ಆದಾಯ ತೆರಿಗೆ ಇಲ್ಲ, ಆದರೆ ಈ ಬಡ್ಡಿಗೆ ಇದೆ. ಆ ತೆರಿಗೆಯನ್ನು ಇದೇ ಖಾತೆಯಿಂದ ಕಟ್ಟಬಹುದು. ಖಾತೆಯ ಬ್ಯಾಂಕ್ ಶುಲ್ಕ, ಕಾಗದ ಜೆರಾಕ್ಸ್ ಮಾಡಿಸಿದ್ದು, ಅಂಚೆ ಖರ್ಚು ಕೂಡ ಸರಿಯೇ. ಮೆಡಿಕೇರ್ ಪ್ರೀಮಿಯಂ, ಕಾಪೇ, ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮೊದಲು ನೀವೇ ಕೊಡಬೇಕಾದ ಮೊತ್ತ) ಮಾತ್ರ ಇದರಿಂದ ಕಟ್ಟುವ ಹಾಗಿಲ್ಲ.

ಕೆಲವರಿಗೆ ಪೂರ್ತಿ ಮೊತ್ತ ಒಮ್ಮೆಗೇ ಬರುತ್ತದೆ. ಕೆಲವರಿಗೆ ಮೊದಲು ಒಂದು ದೊಡ್ಡ ಕಂತು, ಆಮೇಲೆ ವರ್ಷಕ್ಕೊಂದು ಕಂತು. ಅಕ್ಕನದು ಎರಡನೆಯ ಬಗೆ. ಹೀಗೆ ಬಂದರೆ ಒಂದು ಅನುಕೂಲ ಇದೆ: ಒಂದು ವರ್ಷದ ದುಡ್ಡು ನ್ಯಾಯವಾಗಿಯೇ ಖರ್ಚಾಗಿ ಖಾಲಿಯಾದರೆ, ಮುಂದಿನ ಕಂತು ಬರುವವರೆಗೆ ಆ ಗಾಯದ ಬಿಲ್ಲನ್ನು ಮೆಡಿಕೇರ್ ನೋಡಿಕೊಳ್ಳುತ್ತದೆ. ಉಳಿದರೆ ಮುಂದಿನ ವರ್ಷಕ್ಕೆ ಸೇರುತ್ತದೆ.

ಲೆಕ್ಕ ಇಡುವುದು ನಿಮ್ಮ ಕೈಲಿ ಆಗದು ಅನಿಸಿದರೆ, ಸಂಬಳ ತೆಗೆದುಕೊಂಡು ಈ ಖಾತೆ ನಡೆಸುವ ವೃತ್ತಿಪರ ಕಂಪನಿಗಳಿವೆ. ಅವರ ಶುಲ್ಕ ಎಂಎಸ್‌ಎ ಖಾತೆಯಿಂದ ಹೋಗಬಾರದು. ಅದನ್ನು ಯಾರು ಕೊಡುತ್ತಾರೆ ಅಂತ ಸೆಟಲ್‌ಮೆಂಟ್ ಮಾತುಕತೆಯಲ್ಲೇ ತೀರ್ಮಾನ ಮಾಡಿಸಿ.

ಫಾರ್ಮಸಿ ಕೌಂಟರಿನಲ್ಲಿ

ಈಗ ನಾವು ಮಾಡುವುದು ಹೀಗೆ. ಅಕ್ಕನ ಮಾತ್ರೆಗಳನ್ನು ಎರಡು ಗುಂಪು ಮಾಡಿದ್ದೇವೆ. ಸೊಂಟದ ಮಾತ್ರೆ ಒಂದು ಕಡೆ, ಬಿಪಿ ಮತ್ತು ಥೈರಾಯ್ಡ್ ಮಾತ್ರೆ ಇನ್ನೊಂದು ಕಡೆ. ಬಿಪಿ, ಥೈರಾಯ್ಡ್ ಎಂದಿನಂತೆ ಮೆಡಿಕೇರ್ ಪಾರ್ಟ್ ಡಿ ಪ್ಲಾನಿಗೆ, ಅಂದರೆ ಮೆಡಿಕೇರಿನ ಔಷಧಿ ವಿಮೆಗೆ. ಸೊಂಟದ್ದು ಎಂಎಸ್‌ಎ ಖಾತೆಯ ಡೆಬಿಟ್ ಕಾರ್ಡಿಗೆ. ಆ ಕಾರ್ಡಿನ ಹಿಂದೆ ಅಕ್ಕ ಮಾರ್ಕರ್‌ನಲ್ಲಿ 'ಸೊಂಟ' ಅಂತ ಕನ್ನಡದಲ್ಲಿ ಬರೆದಿದ್ದಾಳೆ. ಕೌಂಟರಿನವರು ತಿರುಗಿಸಿ ನೋಡಿ ನಗುತ್ತಾರೆ.

ಫಾರ್ಮಸಿಯವರಿಗೆ ಹೇಳಬೇಕಾದದ್ದು: "ಈ ಔಷಧಿ ಕೆಲಸದ ಗಾಯಕ್ಕೆ. ಪಾರ್ಟ್ ಡಿ ಪ್ಲಾನಿಗೆ ಬಿಲ್ ಹಾಕಬೇಡಿ, ನಗದು ಬೆಲೆ ಹೇಳಿ." ಒಮ್ಮೆ ಹೇಳಿದರೆ ಸಾಲದು. ರೀಫಿಲ್ ತಾನಾಗೇ ತಯಾರಾಗುವಾಗ ಕಂಪ್ಯೂಟರ್ ಮತ್ತೆ ಮೆಡಿಕೇರಿಗೇ ಕಳಿಸುತ್ತದೆ. ಸೊಂಟದ ಮಾತ್ರೆಗೆ ಆಟೋ ರೀಫಿಲ್ ಬೇಡ ಅಂತ ತೆಗೆಸಿಬಿಟ್ಟ ಮೇಲೆ ನಮಗೆ ನೆಮ್ಮದಿ.

ಒಂದೇ ಮಾತ್ರೆ ಎರಡು ಕಾಯಿಲೆಗೂ ಬರಬಹುದು. ಡುಲೋಕ್ಸೆಟಿನ್ ಖಿನ್ನತೆಗೂ ಕೊಡುತ್ತಾರೆ, ದೀರ್ಘಕಾಲದ ಸೊಂಟನೋವಿಗೂ ಕೊಡುತ್ತಾರೆ. ಚೀಟಿಯಲ್ಲಿ ಯಾವ ಕಾಯಿಲೆಗೆ ಅಂತ ಬರೆದುಕೊಡಿ ಎಂದು ಡಾಕ್ಟರಿಗೆ ಕೇಳಿ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಆ ಒಂದು ಸಾಲೇ ಉತ್ತರ.

ಇನ್ನೊಂದು ಮಾತು. ಎಂಎಸ್‌ಎ ಇದೆಯಲ್ಲ, ಪಾರ್ಟ್ ಡಿ ಯಾಕೆ ಅಂತ ಪ್ಲಾನ್ ಬಿಡಬೇಡಿ. ಎಂಎಸ್‌ಎ ಗಾಯದ ಔಷಧಿಗೆ ಮಾತ್ರ. ಉಳಿದ ಕಾಯಿಲೆಗಳು ಕಾಯುತ್ತಾ ಕೂರುವುದಿಲ್ಲ. ಬಿಟ್ಟು ಆಮೇಲೆ ಸೇರಿದರೆ ತಡವಾಗಿ ಸೇರಿದ ದಂಡ ಪ್ರೀಮಿಯಂ ಜೊತೆ ಬೆನ್ನು ಹತ್ತುತ್ತದೆ.

ಈ ಖಾತೆಯಿಂದ ಕೊಳ್ಳಬಾರದ ಗಾಯದ ಔಷಧಿ

ಇದು ನನಗೆ ತಲೆಗೆ ಹೋಗಲು ಸ್ವಲ್ಪ ಕಾಲ ಹಿಡಿಯಿತು. ಔಷಧಿ ಗಾಯಕ್ಕೇ ಇರಬಹುದು, ಡಾಕ್ಟರೇ ಬರೆದಿರಬಹುದು, ಆದರೂ ಮೆಡಿಕೇರ್ ಕೊಡದ ಔಷಧಿಯಾದರೆ ಎಂಎಸ್‌ಎಯಿಂದ ಕೊಳ್ಳುವಂತಿಲ್ಲ. ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಟೈಲೆನಾಲ್, ವಿಟಮಿನ್ ಮಾತ್ರೆ ಇಲ್ಲ. ಪುಡಿ ಬೆರೆಸಿ ಫಾರ್ಮಸಿಯಲ್ಲೇ ತಯಾರಿಸುವ ನೋವಿನ ಕ್ರೀಮಿನಲ್ಲೂ ಬಹಳಷ್ಟು ಇದರಡಿ ಬರುವುದಿಲ್ಲ. ನೋವಿನ ಜಾಗಕ್ಕೆ ಅಂಟಿಸುವ ಲಿಡೋಕೇನ್ 5% ಪ್ಯಾಚನ್ನೇ ನೋಡಿ. ಅದಕ್ಕೆ ಔಷಧಿಗಳಿಗೆ ಅನುಮತಿ ಕೊಡುವ ಎಫ್‌ಡಿಎ ಸಂಸ್ಥೆಯ ಒಪ್ಪಿಗೆ ಇರುವುದು ಸರ್ಪಸುತ್ತಿನ ನಂತರ ಉಳಿಯುವ ನರದ ನೋವಿಗೆ. ಸೊಂಟಕ್ಕೆ ಅಂಟಿಸಿಕೊಂಡರೆ ಹಾಯೆನಿಸುತ್ತದೆ, ಪಾರ್ಟ್ ಡಿ ಮಾತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇವಕ್ಕೆಲ್ಲ ನಿಮ್ಮ ಉಳಿದ ಸೆಟಲ್‌ಮೆಂಟ್ ದುಡ್ಡೇ ಗತಿ. ಹಾಗಾಗಿ ಮಾತುಕತೆಯಲ್ಲೇ ವಕೀಲರಿಗೆ ಹೇಳಿ: ಎಂಎಸ್‌ಎ ಬಿಟ್ಟು, ಮೆಡಿಕೇರ್ ಕೊಡದ ಔಷಧಿಗಳಿಗೂ ಒಂದು ಮೊತ್ತ ಲೆಕ್ಕ ಹಾಕಿ ಅಂತ. ನಮ್ಮ ಕೇಸಿನಲ್ಲಿ ಯಾರೂ ಆ ಮಾತೆತ್ತಲಿಲ್ಲ. ನಾವೂ ಎತ್ತಲಿಲ್ಲ.

ಊರಿನಿಂದ ತರಿಸುವ ಮಾತ್ರೆಯೂ ಇದೇ ಗುಂಪಿಗೆ. ಬೆಂಗಳೂರಿನಿಂದ ಬರುವ ಅತ್ತೆ ಮಾವನ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆ ಆರು ತಿಂಗಳ ಮಾತ್ರೆ ಇರುವುದು ನಮ್ಮವರಲ್ಲಿ ಹೊಸದೇನಲ್ಲ. ಆದರೆ ಅಮೆರಿಕದ ಹೊರಗೆ ಕೊಂಡ ಔಷಧಿಗೆ ಮೆಡಿಕೇರ್ ಕೊಡುವುದಿಲ್ಲ, ಹಾಗಾಗಿ ಜಯನಗರದ ಮೆಡಿಕಲ್ ಶಾಪಿನ ಬಿಲ್ ಎಂಎಸ್‌ಎ ಲೆಕ್ಕಕ್ಕೆ ಸೇರುವುದಿಲ್ಲ. ಟ್ರಾಮಡಾಲ್ ವಿಷಯದಲ್ಲಂತೂ ಆಟ ಬೇಡ. ಎರಡೂ ದೇಶಗಳಲ್ಲಿ ಅದು ನಿಯಂತ್ರಿತ ಔಷಧಿ, ಭಾರತದಲ್ಲಿ 2018ರಿಂದ ಮಾದಕವಸ್ತು ಕಾಯ್ದೆಯ ಅಡಿಯಲ್ಲಿದೆ. ಯಾರ ಸೂಟ್‌ಕೇಸಿಗೂ ಅದನ್ನು ಹಾಕಿಸಬೇಡಿ.

ಬೆಲೆ ಕೇಳಿ, ಮತ್ತೊಂದು ಕಡೆ ಕೇಳಿ

ಎಂಎಸ್‌ಎ ದುಡ್ಡು ಎಷ್ಟು ವರ್ಷ ಬರುತ್ತದೆ ಅನ್ನುವುದು ನೀವು ಎಲ್ಲಿ ಕೊಳ್ಳುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಒಂದೇ ಜೆನೆರಿಕ್ ಮಾತ್ರೆಗೆ ರಸ್ತೆಯ ಈ ಬದಿ ಒಂದು ಬೆಲೆ, ಆ ಬದಿ ಇನ್ನೊಂದು. ಅಮೆರಿಕಕ್ಕೆ ಬಂದು ಇಷ್ಟು ವರ್ಷವಾದರೂ ಇದು ನನಗೆ ಅರ್ಥವಾಗಿಲ್ಲ. ಮೂರು ಕಡೆ ಫೋನ್ ಮಾಡಿ ನಗದು ಬೆಲೆ ಕೇಳಿ. ಗುಡ್‌ಆರ್‌ಎಕ್ಸ್‌ನಂಥ ರಿಯಾಯಿತಿ ಕೂಪನ್ ತೋರಿಸಿ. ಸದಸ್ಯರಿಗೆ ಮಾರುವ ದೊಡ್ಡ ಅಂಗಡಿ ಕಾಸ್ಟ್ಕೋದ ಫಾರ್ಮಸಿಯಲ್ಲಿ ಚೀಟಿಯ ಔಷಧಿ ಕೊಳ್ಳಲು ಸದಸ್ಯತ್ವ ಬೇಕಿಲ್ಲ, ಬಾಗಿಲಲ್ಲಿ ಫಾರ್ಮಸಿಗೆ ಅಂದರೆ ಒಳಗೆ ಬಿಡುತ್ತಾರೆ. 2022ರಲ್ಲಿ ಶುರುವಾದ, ಉದ್ಯಮಿ ಮಾರ್ಕ್ ಕ್ಯೂಬನ್ ಅವರ ಆನ್‌ಲೈನ್ ಫಾರ್ಮಸಿ ಕಾಸ್ಟ್ ಪ್ಲಸ್ ಡ್ರಗ್ಸ್, ಔಷಧಿಯ ಮೂಲ ಬೆಲೆಯ ಮೇಲೆ 15% ಸೇರಿಸಿ, ಫಾರ್ಮಸಿ ಮತ್ತು ಅಂಚೆ ಶುಲ್ಕ ಹಾಕಿ ಮನೆಗೆ ಕಳಿಸುತ್ತದೆ. ಮೂರು ತಿಂಗಳದ್ದು ಒಟ್ಟಿಗೆ ತರಿಸಿದರೆ ಅಂಚೆ ಖರ್ಚು ಉಳಿಯುತ್ತದೆ.

ಮೆಡಿಕೇರ್ ಇಲ್ಲದ, ಎಂಎಸ್‌ಎಯ ಗೊಡವೆಯೂ ಇಲ್ಲದ ಎಳೆಯ ವಯಸ್ಸಿನವರಿಗೆ ಇದೊಂದೇ ಹಂತ ಮುಖ್ಯ. ಜೊತೆಗೆ ನಿಮ್ಮ ಆರೋಗ್ಯ ವಿಮೆಯ ಕಾಗದ ತೆಗೆದು, ಕೆಲಸದ ಗಾಯಕ್ಕೆ ಕೊಡುವುದಿಲ್ಲ ಅನ್ನುವ ಸಾಲು ಇದೆಯಾ ನೋಡಿ. ಕಂಪನಿ ಕೊಡುವ ಎಷ್ಟೋ ಪ್ಲಾನ್‌ಗಳಲ್ಲಿ ಇರುತ್ತದೆ. ಇದ್ದರೆ ಸೆಟಲ್‌ಮೆಂಟ್ ದುಡ್ಡಿನಲ್ಲಿ ಔಷಧಿಗೆ ಅಂತ ನೀವೇ ಒಂದು ಪಾಲು ಎತ್ತಿಡಿ. ಮೆಡಿಕ್ಯಾಲ್‌ನಂಥ (ಆದಾಯ ಕಡಿಮೆ ಇದ್ದವರಿಗೆ ಕ್ಯಾಲಿಫೋರ್ನಿಯಾ ಕೊಡುವ ಆರೋಗ್ಯ ವಿಮೆ) ಸರ್ಕಾರಿ ನೆರವು ಪಡೆಯುತ್ತಿದ್ದರೆ, ಚೆಕ್ಕನ್ನು ಬ್ಯಾಂಕಿಗೆ ಹಾಕುವ ಮೊದಲೇ ವಕೀಲರನ್ನು ಕೇಳಿ. ಖಾತೆಯಲ್ಲಿ ದೊಡ್ಡ ಮೊತ್ತ ಕೂತರೆ ನೆರವು ನಿಲ್ಲಬಹುದು.

ಮೈಸೂರು ಪಾಕಿನ ಡಬ್ಬ

ಅಕ್ಕನ ರಸೀದಿಗಳು ಇರುವುದು ಒಂದು ಖಾಲಿ ಮೈಸೂರು ಪಾಕಿನ ಡಬ್ಬದಲ್ಲಿ. ತುಪ್ಪದ ವಾಸನೆ ಇನ್ನೂ ಇದೆ. ಪ್ರತಿ ಭಾನುವಾರ ಅದನ್ನು ತೆರೆದು ನೋಟ್‌ಬುಕ್ಕಿಗೆ ಬರೆಯುತ್ತೇನೆ: ದಿನ, ಫಾರ್ಮಸಿ, ಔಷಧಿ, ಯಾವ ಕಾಯಿಲೆಗೆ, ಎಷ್ಟು ಕೊಟ್ಟೆವು, ಎಷ್ಟು ಉಳಿಯಿತು. ಫಾರ್ಮಸಿಯ ಬಿಳಿ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಅಳಿಸಿಹೋಗುತ್ತದೆ, ಅದಕ್ಕೆ ಫೋಟೋ ಕೂಡ ತೆಗೆದಿಡುತ್ತೇನೆ.

ಸೆಟಲ್‌ಮೆಂಟ್ ಆದ ದಿನಕ್ಕೆ ವರ್ಷ ತುಂಬಿದ 30 ದಿನದೊಳಗೆ, ದುಡ್ಡನ್ನು ಸರಿಯಾದದ್ದಕ್ಕೇ ಖರ್ಚು ಮಾಡಿದ್ದೇವೆ ಅಂತ ಮೆಡಿಕೇರಿಗೆ ದೃಢೀಕರಣ ಕಳಿಸಬೇಕು. ಅಂಚೆಯಲ್ಲಿ ಕಳಿಸಬಹುದು, ಮೆಡಿಕೇರ್ ಜಾಲತಾಣದ ಖಾತೆಯ ಮೂಲಕವೂ ಕೊಡಬಹುದು. ರಸೀದಿಗಳನ್ನು ಜೊತೆಗೆ ಕಳಿಸುವುದು ಬೇಡ, ಆದರೆ ಕೇಳಿದಾಗ ತೋರಿಸಲು ಇರಬೇಕು.

ತಪ್ಪು ಖರ್ಚಾದರೆ? ಆ ದುಡ್ಡನ್ನು ನೀವೇ ಖಾತೆಗೆ ತುಂಬಿ, ಮತ್ತೆ ಸರಿಯಾಗಿ ಖರ್ಚು ಮಾಡಿ ತೋರಿಸುವವರೆಗೆ ಆ ಗಾಯದ ಬಿಲ್ಲನ್ನು ಮೆಡಿಕೇರ್ ಮುಟ್ಟುವುದಿಲ್ಲ. ಕಾರು ಕೊಂಡವರು, ಊರಿನಲ್ಲಿ ಸೈಟಿಗೆ ಮುಂಗಡ ಕೊಟ್ಟವರು ಸಿಕ್ಕಿಬೀಳುವುದು ಹೀಗೆ. ಯಾರಿಗೆ ಗೊತ್ತಾಗುತ್ತೆ ಅನ್ನುವ ಕಾಲವೂ ಹೋಯಿತು. 2025ರ ಏಪ್ರಿಲ್ 4ರಿಂದ ಇನ್ಶೂರೆನ್ಸ್ ಕಂಪನಿಗಳು ಮೆಡಿಕೇರ್ ಇರುವವರ ಸೆಟಲ್‌ಮೆಂಟಿನಲ್ಲಿ ಎಂಎಸ್‌ಎ ಎಷ್ಟು ಅಂತ ತಾವೇ ಮೆಡಿಕೇರಿಗೆ ವರದಿ ಮಾಡಬೇಕು.

ಖಾತೆ ಬರಿದಾದ ಮೇಲೆ

ನ್ಯಾಯವಾಗಿ ಪೂರ್ತಿ ಖರ್ಚಾದರೆ, ಖಾಲಿಯಾಗಿದೆ ಅಂತ ಕಾಗದ ಕಳಿಸಿ. ದೃಢವಾದ ಮೇಲೆ ಸೊಂಟದ ಮಾತ್ರೆಯೂ ಬಿಪಿ ಮಾತ್ರೆಯಂತೆ ಪಾರ್ಟ್ ಡಿಗೆ ಹೋಗುತ್ತದೆ. ಆಗ ಕಾಪೇ, ಡಿಡಕ್ಟಿಬಲ್ ನಿಮ್ಮ ಜೇಬಿನಿಂದ. ಆದರೆ ಅದಕ್ಕೊಂದು ಮಿತಿ ಇದೆ: ಪ್ಲಾನಿನ ಪಟ್ಟಿಯಲ್ಲಿರುವ ಔಷಧಿಗಳಿಗೆ ವರ್ಷಕ್ಕೆ ನೀವು ಕೊಡುವುದು 2025ರಲ್ಲಿ 2,000 ಡಾಲರ್, 2026ರಲ್ಲಿ 2,100 ಡಾಲರ್ ಮುಟ್ಟಿದರೆ ಮುಗಿಯಿತು. ಅದನ್ನೂ ತಿಂಗಳ ಕಂತು ಮಾಡಿಸಿಕೊಳ್ಳಬಹುದು, ಪ್ಲಾನಿನವರಿಗೆ ಕೇಳಿ. ಆದಾಯ ಕಡಿಮೆ ಇದ್ದವರು ಸೋಷಿಯಲ್ ಸೆಕ್ಯೂರಿಟಿ ಕಚೇರಿಯಲ್ಲಿ 'ಎಕ್ಸ್‌ಟ್ರಾ ಹೆಲ್ಪ್' ಅನ್ನುವ ಔಷಧಿ ಖರ್ಚಿನ ನೆರವಿಗೆ ಅರ್ಜಿ ಹಾಕಿ.

ಅಕ್ಕನ ಖಾತೆ ಹೋದ ವರ್ಷ ಕಂತು ಬರುವ ಏಳು ವಾರ ಮೊದಲೇ ಬರಿದಾಯಿತು. ಕಾಗದ ಕಳಿಸಿ, ಫಾರ್ಮಸಿಗೆ ಹೋಗಿ, "ಈ ಸಲ ಮೆಡಿಕೇರಿಗೇ ಹಾಕಿ" ಅಂದೆ. ಅದೇ ಹುಡುಗ. ಕಂಪ್ಯೂಟರ್ ನೋಡಿದ, ನನ್ನನ್ನು ನೋಡಿದ. "ಹಾಕಬೇಡಿ ಅಂತ ನೀವೇ ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿದ್ದೀರಲ್ಲ?"